ಗಾಳಿ ತೂಬಿಗೆ ನೀರ್‌ಗಂಟಿ ಯಾರು?

ಹೋದ ವಾರ ನಮ್ಮ ಕೈಲಾಂಚದಲ್ಲೇ ಒಂದು ಬೀಗ್ರೂಟ. ಉಂಡು ಕೈ ತೊಳ್ಕೊಂಡು ಎಲೆ ಅಡಿಕೆಗೆ ಕೂತಿದ್ವು. ನಮ್ಮ ಓರ್ಗಿತ್ತಿ ಕಡೆಯ ಒಬ್ಬ ಅಕ್ಕ, ದೊಡ್ಡೋರು, ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲಾರ್ಗೂ ಕೇಳೋ ಹಂಗೆ ಅಂದ್ರು: "ಇವಳ ಮನೇಲಿ ದೂಳು ಹೋಗಕ್ಕೂ ಆಟೋಮ್ಯಾಟಿಕ್ ಗೇಟಂತೆ ಕಣ್ರವ್ವ. ಎದ್ದು ಹೋಗಿ ಒಂದು ಹಲಗೆ ಮುಚ್ಚಕ್ಕೆ ಕೈಯಿಲ್ವಂತೆ. ಏನ್ ಶೋಕಿನೋ!" ಎಲ್ಲಾರೂ ನಕ್ಕರು. ನಾನೂ ನಕ್ಕೆ. ಉಂಡ ಮನೇಲಿ ಜಗಳ ಆಡಬಾರ್ದು ಅಂತ ಸುಮ್ನೆ ಎದ್ದು ಬಂದೆ. ಈಗ ನಮ್ಮನೆ ಜಗಲಿ ಮೇಲೆ ಕುಂತಿವ್ನಿ. ಇಲ್ಲಿ ಹೇಳಬೌದು.

ಅಕ್ಕಾ, ನಿಮ್ಗೆ ಕೋಪದಲ್ಲಿ ಹೇಳ್ತಿಲ್ಲ. ಆದ್ರೆ ಆ "ಕೈಯಿಲ್ವಾ" ಅನ್ನೋ ಮಾತೈತಲ್ಲ, ಅದು ಯಾರ ಕೈ ಅಂತ ಒಂದು ಸಲ ಕೇಳ್ಕೋಬೇಕು. ನಾನು ಇವತ್ತು ಬರೀತಿರೋದು ಅಷ್ಟಕ್ಕೇ.

ನಮ್ಮನೆ ಹಿಂದಿನ ಶೆಡ್ಡು ನೋಡದೇ ಇರೋರಿಗೆ ಮೊದ್ಲು ಒಸಿ ಹೇಳ್ತೀನಿ. ನಮ್ಮೆಜಮಾನ್ರು ಹುಡುಗ್ರಾಗಿದ್ದಾಗ ಚನ್ನಪಟ್ಟಣಕ್ಕೆ ಹೋಗಿ ಗೊಂಬೆ ಕೆಲ್ಸ ಕಲ್ತೋರು. ಈಗ ಮನೇಲೇ ಎರಡು ಲೇತ್ ಮಿಷನ್ನು, ಒಂದು ಗರಗಸದ ಮಿಷನ್ನು, ಒಂದು ಉಜ್ಜೋ ಮಿಷನ್ನು. ಆಲೆ ಮರ ತುಂಡು ಮಾಡಿ, ಲೇತ್‌ಗೆ ಕೊಟ್ಟು, ಉಳಿ ಹಿಡಿದು ತಿರುವಿ, ಉಪ್ಪುಕಾಗದದಲ್ಲಿ ನುಣ್ಣಗೆ ಮಾಡಿ, ತಿರುಗ್ತಾ ಇರೋ ಮರಕ್ಕೇ ಬಣ್ಣದ ಅರಗು ಒತ್ತಿದ್ರೆ ಆ ಕಾವಿಗೆ ಅರಗು ಕರಗಿ ಹಿಡ್ಕೋತದೆ. ಮೇಲೆ ತಾಳೆಗರಿ ಇಟ್ಟು ಉಜ್ಜಿದ್ರೆ ಕನ್ನಡಿ ಹಂಗೆ ಹೊಳೀತದೆ. ಗಿಲಕಿ, ಬುಗುರಿ, ಮಣಿ, ಗಾಡಿ ಚಕ್ರ, ಏನು ಆರ್ಡರ್ ಬಂದ್ರೆ ಅದು. 2005-06ರಲ್ಲಿ ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚನೆ ಅನ್ನೋ ಗುರುತು ಬಂತು. ಈ ಹೆಸರನ್ನ ಬೇರೆ ಊರೋರು ಹಾಕ್ಕೊಂಡು ಮಾರಂಗಿಲ್ಲ ಅಂತ. ಗೊಂಬೆ ಬಣ್ಣ ಮಗು ಬಾಯಿಗಿಟ್ರೂ ಏನೂ ಆಗಲ್ಲ ಅಂತ ಮಾರೋರು ಹೇಳ್ತಾರೆ, ಅದು ಹೆಮ್ಮೆನೇ. ಆದ್ರೆ ಗೊಂಬೆ ಮಾಡೋ ಮನೆ ಮಗುವಿನ ಮೂಗಿಗೆ ಏನು ಹೋಗ್ತದೆ ಅಂತ ಯಾವ ಅಂಗಡೀಲೂ ಬರೆದು ಹಾಕಿಲ್ಲ.

ದೂಳು, ಅಕ್ಕಾ. ದೂಳು ಅಂದ್ರೆ ಏನು ಅಂತ ನಿಮ್ಗೆ ನಾನು ಹೇಳ್ಕೊಡಬೇಕಾಗಿಲ್ಲ. ಆದ್ರೂ ಇದು ರಸ್ತೆ ದೂಳಲ್ಲ. ಉಳಿ ಹಿಡಿದಾಗ ಬರೋದು ಸುರುಳಿ ಸಿಪ್ಪೆ, ಅದು ಕಾಲಡಿ ಬೀಳ್ತದೆ, ಬಾಚಿ ನೀರೊಲೆಗೆ ಹಾಕಬೌದು. ಗರಗಸದಲ್ಲಿ ಬರೋದು ಹೊಟ್ಟು, ಅದೂ ಕಣ್ಣಿಗೆ ಕಾಣ್ತದೆ. ಉಪ್ಪುಕಾಗದ ಇಟ್ಟಾಗ ಬರೋದೈತಲ್ಲ, ಅದೇ ಕಳ್ಳ. ರಾಗಿ ಹಿಟ್ಟಿಗಿಂತ ನುಣ್ಣಗೆ. ಬೀಳಲ್ಲ, ತೇಲ್ತದೆ. ಹಿಂದಿನ ಬಾಗ್ಲಿಂದ ಅಡ್ಗೆಮನೆಗೆ ಬಂದು ಹಿಟ್ಟಿನ ಡಬ್ಬದ ಮುಚ್ಚಳದ ಮೇಲೆ ಕೂರ್ತದೆ. ಒಣಗಾಕಿದ ಬಟ್ಟೆ ಮೇಲೆ, ದೇವರ ಪಟದ ಮೇಲೆ, ತೊಟ್ಲಲ್ಲಿ ಮಲ್ಗಿರೋ ಕೂಸಿನ ರೆಪ್ಪೆ ಮೇಲೆ. ಮಧ್ಯಾಹ್ನ ಬಿಸಿಲು ಕಿಟಕೀಲಿ ಇಳಿದಾಗ ನೋಡ್ಬೇಕು ನೀವು, ಮನೆ ತುಂಬ ಮಂಜು ಆಡ್ದಂಗಿರ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ದೂಳನ್ನ ಮನುಷ್ಯರಿಗೆ ಕ್ಯಾನ್ಸರ್ ತರೋ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸ್ತು. ಬೀಡಿ ಸಿಗರೇಟಿನ ಹೊಗೆ ಇರೋ ಗುಂಪೇ ಅದು. ಎರಡೂ ಒಂದೇ ಅಳತೆ ಕೇಡು ಅಂತಲ್ಲ, ಕೇಡು ಹೌದು ಅನ್ನೋದಕ್ಕೆ ಸಾಕ್ಷಿ ಅಷ್ಟೇ ಗಟ್ಟಿ ಅಂತ ಅರ್ಥ. ವರ್ಷಾನುಗಟ್ಲೆ ಮರಗೆಲಸ ಮಾಡಿದವ್ರಲ್ಲಿ ಮೂಗಿನೊಳಗೆ, ಮೂಗಿನ ಪಕ್ಕದ ಟೊಳ್ಳಲ್ಲಿ ಬರೋ ಕ್ಯಾನ್ಸರ್ ಅದು. ಅಪರೂಪದ್ದು, ನಿಜ. ಅಪರೂಪ ಅಲ್ದೇ ಇರೋದು ಉಬ್ಬಸ, ಕೆಮ್ಮು, ಕಣ್ಣುರಿ, ಸೀನು. ನಮ್ಮತ್ತೆಗೆ ಮೊದ್ಲಿಂದ ಸೌದೆ ಒಲೆ ಹೊಗೆ, ಆಮೇಲೆ ಈ ದೂಳು. ಯಾವ್ದರಿಂದ ಬಂತು ಕೆಮ್ಮು ಅಂತ ನಾನು ಹೇಳೋ ಡಾಕ್ಟ್ರಲ್ಲ. ಆದ್ರೆ ಲೇತ್ ನಿಂತ ಭಾನುವಾರ ಅವ್ರು ಕೆಮ್ಮೋದು ಕಮ್ಮಿ ಇರ್ತಿತ್ತು, ಅದನ್ನ ಕೇಳೋಕೆ ಓದಿರಬೇಕಾಗಿಲ್ಲ.

ಇನ್ನು ಪೊರಕೆ. ಸಾಯಂಕಾಲ ಶೆಡ್ಡು ಗುಡಿಸೋದು ಯಾರು? ನಾನು. ಪೊರಕೆ ಹಾಕಿದ್ರೆ ದೂಳು ಹೋಗ್ತದೆ ಅಂತ ನಾವು ತಿಳ್ಕೊಂಡಿದೀವಿ. ದಪ್ಪದ್ದು ಹೋಗ್ತದೆ. ನುಣ್ಣಗಿರೋದು ಎದ್ದು ಮತ್ತೆ ಗಾಳಿಗೆ ಸೇರ್ತದೆ, ರಾತ್ರಿಯೆಲ್ಲಾ ನಿಧಾನಕ್ಕೆ ಇಳೀತದೆ. ದೂಳು ಎದ್ದ ಜಾಗದಲ್ಲೇ, ಉಳಿ ತಗಲೋ ಜಾಗದಲ್ಲೇ ಹೀರ್ಕೋಬೇಕು. ಒಂದ್ಸಲ ಮನೆಗೆ ಹರಡಿದ ಮೇಲೆ ಅದನ್ನ ಹಿಡಿಯೋಕೆ ಯಾವ ಪೊರಕೆಗೂ ಆಗಲ್ಲ.

ಇದನ್ನೇ ಹೇಳಿ ಹೇಳಿ ಎರಡು ವರ್ಷದ ಹಿಂದೆ ಒಂದು ದೂಳು ಹೀರೋ ಮಿಷನ್ ತರಿಸ್ದೆ. ಬೆಂಗ್ಳೂರಲ್ಲಿ ಮುಚ್ಚಿದ ಒಂದು ಬಾಗ್ಲು ಕಿಟಕಿ ಅಂಗ್ಡಿದು, ಹಳೇದು. ಒಂದು ಮೋಟ್ರು, ಒಂದು ಫ್ಯಾನು, ಒಂದು ದೊಡ್ಡ ಬಟ್ಟೆ ಚೀಲ. ಅಲ್ಲಿಂದ ನಾಕು ಮಿಷನ್ನಿಗೂ ಪೈಪು ಎಳೆದ್ರು. ಒಂದೊಂದು ಪೈಪಿನ ಬಾಯಿಗೂ ಜಾರೋ ಹಲಗೆ ಒಂದೊಂದು. ಇಂಗ್ಲಿಷಲ್ಲಿ ಇದ್ಕೆ ಬ್ಲಾಸ್ಟ್ ಗೇಟು ಅಂತಾರಂತೆ. ಬ್ಲಾಸ್ಟ್ ಅಂದ್ಕೂಡ್ಲೆ ನಮ್ಮತ್ತೆ ಕ್ವಾರಿ ಸಿಡಿಮದ್ದು ಅಂದ್ಕೊಂಡು ಹೆದ್ರುಕೊಂಡ್ರು. ಅಂಥದ್ದೇನಿಲ್ಲ. ಕೆರೆಗೆ ತೂಬು ಇದ್ದಂಗೆ ಇದು ಗಾಳಿಗೆ ತೂಬು. ನಾನು ಹಂಗೇ ಕರೀತೀನಿ, ಗಾಳಿ ತೂಬು.

ತೋಟಕ್ಕೆ ಡ್ರಿಪ್ ಹಾಕ್ಸಿರೋರಿಗೆ ಇದು ಒಂದೇ ಮಾತಿಗೆ ಅರ್ಥ ಆಗ್ತದೆ. ಬೋರು ಒಂದು, ತೋಟ ನಾಕು ಭಾಗ. ನಾಕೂ ವಾಲ್ವ್ ಒಟ್ಟಿಗೆ ತೆರೆದ್ರೆ ಏನಾಗ್ತದೆ? ಬೋರಿನ ಹತ್ರದ ಗಿಡಕ್ಕೆ ನೀರು, ಕೊನೇ ಸಾಲಿನ ಹಿಪ್ಪುನೇರಳೆಗೆ ತೊಟ್ಟೂ ಇಲ್ಲ. ಅದಕ್ಕೇ ಒಂದು ತೆರೆದು ಮೂರು ಮುಚ್ತೀವಿ. ಗಾಳೀದೂ ಅದೇ ಲೆಕ್ಕ. ನಾಕೂ ಬಾಯಿ ತೆರೆದಿದ್ರೆ ಎಲ್ಲಾ ಕಡೆ ಸುಮ್ನೆ ಸುಯ್ಯ್ ಅಂತದೆ, ಎಲ್ಲೂ ಎಳೆಯಲ್ಲ. ಮರದ ಹೊಟ್ಟು ಪೈಪಲ್ಲಿ ಬೀಳದೇ ಹಾರ್ಕೊಂಡು ಹೋಗ್ಬೇಕಾದ್ರೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟ್ರು ಓಡಬೇಕು. ಅದಕ್ಕಿಂತ ತೀರಾ ಕಮ್ಮಿ ಆದ್ರೆ ಹೊಟ್ಟು ಪೈಪೊಳಗೇ ಕೂತು ಕೂತು, ಹೂಳು ತುಂಬಿದ ಕಾಲುವೆ ಹಂಗೆ ಕಟ್ಕೋತದೆ. ನಮ್ದೂ ಕಟ್ಕೊಂತು. ಒಂದ್ಸಲ ಬಿಚ್ಚಿದ್ರೆ ಒಂದು ಮಂಕ್ರಿ ಹೊಟ್ಟು.

ಯಾಕೆ ಕಟ್ಕೊಂತು? ಯಾರೂ ಹಲಗೆ ಮುಚ್ಚಲ್ಲ, ಅದಕ್ಕೆ. ಮೊದಲ ವಾರ ಶ್ರದ್ಧೆ. ಎರಡನೇ ವಾರ ಅರ್ಧ ಶ್ರದ್ಧೆ. ಆಮೇಲೆ ಮೂರೂ ಹೊತ್ತು ನಾಕೂ ತೆರೆದೇ ಇರ್ತಿದ್ವು. ನಮ್ಮೆಜಮಾನ್ರು ಕೆಟ್ಟೋರಲ್ಲ, ಸೋಮಾರಿನೂ ಅಲ್ಲ. ಒಂದು ಕೈಲಿ ಉಳಿ, ಇನ್ನೊಂದು ಕೈಲಿ ಅರಗು, ಮರ ತಿರುಗ್ತಾ ಐತೆ, ಕಾವು ಆರಿದ್ರೆ ಬಣ್ಣ ಕೂರಲ್ಲ. ಈ ಹೊತ್ನಲ್ಲಿ ಎದ್ದು ಹೋಗಿ ಆ ಮೂಲೆ ಗರಗಸದ ಹಲಗೆ ಮುಚ್ಚಿ ಬಾ ಅಂದ್ರೆ ಯಾರಾದ್ರೂ ಹೋಗ್ತಾರಾ? ಹೋಗಲ್ಲ. ನಾನಾಗಿದ್ರೂ ಹೋಗ್ತಿರ್ಲಿಲ್ಲ.

ಹಂಗಾದ್ರೆ ಹೋಗ್ತಿದ್ದೋರು ಯಾರು? "ಏ ಇವ್ಳೇ, ಆ ಗರಗಸದ್ದು ಮುಚ್ಚಿ ಲೇತಿಂದು ತಗಿ ಬಾ." ಅಡ್ಗೆಮನೇಲಿ ಮುದ್ದೆ ತಿರುವ್ತಿದ್ದೋಳು ಕೋಲು ಬಿಟ್ಟು ಓಡೋದು. "ಉಜ್ಜೋದು ತಗಿ." ಕೂಸಿಗೆ ಹಾಲು ಕುಡಿಸ್ತಿದ್ದೋಳು ಇಳಿಸಿ ಓಡೋದು. "ಮೋಟ್ರು ಆಫ್ ಮಾಡು." ಮತ್ತೆ. ಒಂದಿನ ನಂಗೆ ತಡೀಲಿಲ್ಲ. ಹುಣಸೆ ಬೀಜದ ಡಬ್ಬ ತಗೊಂಡು ಒಲೆ ಪಕ್ಕ ಇಟ್ಕೊಂಡೆ. ಒಂದು ಕೂಗಿಗೆ ಒಂದು ಬೀಜ ಲೋಟಕ್ಕೆ. ದೀಪ ಹಚ್ಚೋ ಹೊತ್ಗೆ ಎಣಿಸಿದ್ರೆ 38.

ರಾತ್ರಿ ಊಟಕ್ಕೆ ಕೂತಾಗ ಆ ಲೋಟ ಅವ್ರ ತಟ್ಟೆ ಪಕ್ಕ ಇಟ್ಟೆ. "ಇದೇನು?" ಅಂದ್ರು. "ನೀವು ಇವತ್ತು ಕೂಗಿದ್ದು" ಅಂದೆ. "ಒಂದೊಂದೂ ಒಂದು ನಿಮಿಷದ ಕೆಲ್ಸ ಕಣೆ" ಅಂದ್ರು. ಹೌದು, ಒಂದು ನಿಮಿಷ. ಆದ್ರೆ ಹೋಗೋಕೆ ಒಂದು, ಬರೋಕೆ ಒಂದು, ಸೀದೋದ ಮುದ್ದೆಗೆ ಹತ್ತು. ಅಷ್ಟೇ ಅಲ್ಲ, ದೂಳು ಜಾಸ್ತಿ ಏಳೋ ಹೊತ್ಗೆ ಸರಿಯಾಗಿ ನಾನು ದೂಳಿನ ಮಧ್ಯಕ್ಕೆ ಹೋಗಿ ನಿಲ್ತಿದ್ದೆ, ಸೆರಗು ಮೂಗಿಗೆ ಕಟ್ಕೊಂಡು. ಸೆರಗು ಸೊಳ್ಳೆ ತಡೀಬೌದು, ಈ ದೂಳು ತಡೆಯಲ್ಲ.

ಆವತ್ತು ನಂಗೆ ಹೊಳೀತು, ನಮ್ಮನೇಲಿ ಆಟೋಮ್ಯಾಟಿಕ್ ಗೇಟು ಮೊದ್ಲಿಂದನೂ ಇತ್ತು. ಅದು ನಾನೇ. ಕೂಗಿದ್ರೆ ತೆರ್ಕೊಳ್ತದೆ, ಕೂಗಿದ್ರೆ ಮುಚ್ಕೊಳ್ತದೆ, ಕರೆಂಟ್ ಬೇಡ, ರಿಪೇರಿ ಬೇಡ. ಆ ಗೇಟಿಗೆ ಯಾರೂ ಶೋಕಿ ಅನ್ಲಿಲ್ಲ. ಅದರ ಜಾಗಕ್ಕೆ ಒಂದು ಸಣ್ಣ ಮೋಟ್ರು ಬಂದ ದಿನ ಶೋಕಿ ಆಗೋಯ್ತು.

ಹಳೇ ಕಾಲದಲ್ಲಿ ಕೆರೆ ತೂಬಿಗೆ ನೀರ್‌ಗಂಟಿ ಅಂತ ಇರ್ತಿದ್ದ. ಯಾರ ಗದ್ದೆಗೆ ಯಾವಾಗ ನೀರು ಬಿಡ್ಬೇಕು ಅಂತ ಅವ್ನೇ ನೋಡ್ಕೊಳ್ತಿದ್ದ. ಅವ್ನಿಗೆ ಊರೋರು ಸುಮ್ನೆ ಬಿಟ್ಟಿ ಮಾಡು ಅಂತಿರ್ಲಿಲ್ಲ, ಸುಗ್ಗೀಲಿ ಪಾಲು ಕೊಡ್ತಿದ್ರು. ನಮ್ಮ ಗಾಳಿ ತೂಬಿನ ನೀರ್‌ಗಂಟಿಗೆ ಯಾವ ಪಾಲೈತೆ ಹೇಳಿ?

ಈಗ ಆ ಸಣ್ಣ ಮೋಟ್ರಿನ ಕತೆ. ನಮ್ಮಕ್ಕನ ಮಗ ಡಿಪ್ಲೊಮಾ ಓದ್ತವ್ನೆ. ರಜಕ್ಕೆ ಬಂದಿದ್ದೋನಿಗೆ ಬೀಜದ ಲೋಟ ತೋರ್ಸಿದೆ. ನಕ್ಬುಟ್ಟು, "ಚಿಕ್ಕವ್ವ, ಇದು ದೊಡ್ಡ ವಿಷ್ಯ ಅಲ್ಲ ಬುಡು" ಅಂದ. ಅವ್ನು ಮಾಡಿದ್ದು ಇಷ್ಟು. ಪ್ರತಿ ಮಿಷನ್ನಿಗೆ ಹೋಗೋ ಕರೆಂಟ್ ವೈರಿಗೆ ಬಳೆ ಹಂಗಿರೋ ಒಂದು ಸೆನ್ಸಾರ್ ಹಾಕಿದ. ಮಿಷನ್ ಆನ್ ಆದ್ರೆ ವೈರಲ್ಲಿ ಕರೆಂಟ್ ಹರೀತದೆ, ಬಳೆಗೆ ಗೊತ್ತಾಗ್ತದೆ. ಅದು ಬೆರಳುದ್ದದ ಒಂದು ಬೋರ್ಡಿಗೆ ಹೇಳ್ತದೆ, ಬೋರ್ಡು ಆ ಮಿಷನ್ನಿನ ಹಲಗೆ ಎಳೆಯೋ ಸಣ್ಣ ಸರ್ವೋ ಮೋಟ್ರಿಗೆ ಹೇಳ್ತದೆ. ಹಲಗೆ ತೆರೆದ ಮೇಲೆ ದೂಳು ಹೀರೋ ಮಿಷನ್ ತಾನೇ ಶುರು. ಲೇತ್ ನಿಂತ ಮೇಲೂ ಹತ್ತು ಸೆಕೆಂಡು ಹೀರ್ತಾನೇ ಇರ್ತದೆ, ಪೈಪಲ್ಲಿ ಉಳಿದಿದ್ದೆಲ್ಲಾ ಚೀಲಕ್ಕೆ ಹೋಗ್ಲಿ ಅಂತ. ಆಮೇಲೆ ನಿಲ್ತದೆ. ಒಬ್ರೂ ಕೂಗಂಗಿಲ್ಲ.

ಮೊದಲ ದಿನ ಏನೂ ಕೆಲ್ಸ ಮಾಡ್ಲಿಲ್ಲ. ಬಳೆಯೊಳಗೆ ಹೋಗೋ ವೈರು ಬರೋ ವೈರು ಎರಡನ್ನೂ ಸೇರ್ಸಿ ಹಾಕ್ಬುಟ್ಟಿದ್ದ. ಹೋಗೋದು ಬರೋದು ಒಂದಕ್ಕೊಂದು ಕಳೆದು ಸೊನ್ನೆ ತೋರಿಸ್ತಿತ್ತು. ಒಂದೇ ವೈರು ಹಾಕ್ಬೇಕು. ಮಾಡ್ಕೊಳ್ಳೋರು ಇದನ್ನ ನೆನಪಿಟ್ಕೊಳ್ಳಿ. ಇನ್ನೊಂದು, ಹೀರೋ ಮಿಷನ್ನಿನ ಮೋಟ್ರು ಶುರುವಾಗೋವಾಗ ಸಿಕ್ಕಾಪಟ್ಟೆ ಕರೆಂಟ್ ಎಳೀತದೆ, ಆ ಸಣ್ಣ ಬೋರ್ಡಿನ ಮೇಲೆ ನೇರ ಹಾಕಿದ್ರೆ ಸುಟ್ಟೋಯ್ತದೆ. ಮಧ್ಯ ಕಾಂಟ್ಯಾಕ್ಟರ್ ಬೇಕು, ಅದನ್ನ ವೈರಿಂಗ್ ಬಲ್ಲೋರ ಕೈಲೇ ಹಾಕ್ಸಬೇಕು. ಹುಡುಗ್ರು ಆಟ ಆಡೋ ಜಾಗ ಅಲ್ಲ ಅದು. ಹಲಗೆಗಳನ್ನ ನಮ್ಮೆಜಮಾನ್ರೇ ಪ್ಲೈವುಡ್ಡಲ್ಲಿ ಮಾಡಿದ್ರು. ಎಲ್ಲಾ ಸೇರಿ ನಮ್ಗೆ ಬಿದ್ದಿದ್ದು ಐದು ಸಾವಿರದೊಳಗೆ. ಯುಗಾದಿಗೆ ಒಂದು ರೇಷ್ಮೆ ಸೀರೆ ಬಿಟ್ಟೆ, ಅಷ್ಟೇ. ರೇಷ್ಮೆ ಊರೋಳಾಗಿ ಸೀರೆ ಬಿಟ್ಟೆ ಅಂದ್ರೆ ಯೋಚ್ನೆ ಮಾಡಿ.

ಈಗ ಬರ್ತೀನಿ ನೋಡಿ ಮಾತಿಗೆ. ಬೀಗ್ರೂಟದಲ್ಲಿ ಹೇಳಿದ್ದು, ಹೇಳ್ದೇ ನಕ್ಕಿದ್ದು, ಎಲ್ಲಾಕೂ.

"ಎದ್ದು ಮುಚ್ಚಕ್ಕೆ ಕೈಯಿಲ್ವಾ?" ನಮ್ಮೂರಲ್ಲಿ ಬೋರ್‌ವೆಲ್ ಇರೋ ಯಾವ ತೋಟಕ್ಕಾದ್ರೂ ಹೋಗಿ ನೋಡಿ, ಪಂಪ್‌ಹೌಸ್ ಗೋಡೆ ಮೇಲೆ ಆಟೋ ಸ್ಟಾರ್ಟರ್ ಐತೆ. ರಾತ್ರಿ ಎರಡು ಗಂಟೆಗೆ ಮೂರು ಫೇಸ್ ಕರೆಂಟ್ ಬಂದ್ರೆ ಮೋಟ್ರು ತಾನೇ ಆನ್. ಅದನ್ನ ಹಾಕ್ಸಿದ ಯಾವ ಗಂಡಸ್ಗಾದ್ರೂ "ಎದ್ದು ಹೋಗಿ ಒಂದು ಗುಂಡಿ ಒತ್ತಕ್ಕೆ ಕೈಯಿಲ್ವಾ" ಅಂತ ನಾವು ಕೇಳಿದ್ವಾ? ಇಲ್ಲ. ಕತ್ಲಲ್ಲಿ ಹಾವು ಹುಳ ಇರ್ತವೆ, ಆನೆ ಕಾಟ ಬೇರೆ, ಪಾಪ ಎಷ್ಟು ಸಲ ಏಳ್ತಾರೆ ಅಂದ್ವಿ. ನ್ಯಾಯನೇ. ಎದ್ದು ಹೋಗ್ಬೇಕಾದೋರು ಅವ್ರಾದಾಗ ಅದು ಅನುಕೂಲ. ನಾವಾದಾಗ ಅದು ಶೋಕಿ. ನನ್ನ ಜಗಳ ಇಷ್ಟೇ.

"ಇದೆಲ್ಲಾ ಫಾರಿನ್ ಆಟ." ತಾನಾಗೇ ತೆರ್ಕೊಂಡು ತಾನಾಗೇ ಮುಚ್ಕೊಳ್ಳೋ ಗೇಟನ್ನ ಲೋಕಕ್ಕೆ ತೋರ್ಸಿದೋರಲ್ಲಿ ನಮ್ಮ ವಿಶ್ವೇಶ್ವರಯ್ಯನವ್ರೂ ಒಬ್ರು. ಅಣೆಕಟ್ಟೆ ನೀರು ಒಂದು ಮಟ್ಟ ಮೀರಿದ್ರೆ ತೆರ್ಕೊಂಡು, ಇಳಿದ್ರೆ ಮುಚ್ಕೊಳ್ಳೋ ಸ್ವಯಂಚಾಲಿತ ಗೇಟಿಗೆ ಅವ್ರು ಪೇಟೆಂಟ್ ಪಡೆದಿದ್ರು. ಪುಣೆ ಹತ್ರ ಖಡಕ್ವಾಸ್ಲಾ ಅಣೆಕಟ್ಟೆಗೆ ಅದನ್ನ ಹಾಕಿದ್ದು 1903ರಲ್ಲಿ. ಸೆಪ್ಟೆಂಬರ್ 15 ಬಂದ್ರೆ ಸ್ಕೂಲಲ್ಲಿ ಮಕ್ಕಳ ಕೈಲಿ ಭಾಷಣ ಮಾಡಿಸ್ತೀವಿ, ಇಂಜಿನಿಯರ್ ದಿನ ಅಂತ. ಪ್ರವಾಹ ಬಂದ ಹೊತ್ನಲ್ಲಿ ಕಾವಲುಗಾರ ಎದ್ದು ಬರ್ತಾನೋ ಇಲ್ವೋ ಅಂತ ಊರು ಕಾಯಬಾರ್ದು. ಮನುಷ್ಯ ಮರೀತಾನೆ, ನಿದ್ದೆ ಮಾಡ್ತಾನೆ, ಕೈ ತುಂಬ ಕೆಲ್ಸ ಇರ್ತದೆ. ಮರೆತ್ರೆ ಜೀವಕ್ಕೆ ಅಪಾಯ ಇರೋ ಕಡೆ ನೆನಪಿನ ಮೇಲೆ ಭಾರ ಹಾಕಬಾರ್ದು. ಅಷ್ಟೇ ಸೂತ್ರ. ಅದು ಅಣೆಕಟ್ಟೆಗೆ ಬುದ್ಧಿವಂತಿಕೆ ಆದ್ರೆ ನಮ್ಮನೆ ಶೆಡ್ಡಿಗೆ ಹೆಂಗೆ ಸೋಮಾರಿತನ ಆಯ್ತು?

"ತಾತನ ಕಾಲದಲ್ಲಿ ಇತ್ತಾ ಇದು?" ತಾತನ ಕಾಲದಲ್ಲಿ ಲೇತ್‌ಗೆ ಮೋಟ್ರೇ ಇರ್ಲಿಲ್ಲವಲ್ಲ. ಬಿಲ್ಲು ಕಟ್ಟಿ ಕೈಲಿ ಎಳೆದು ತಿರುಗಿಸ್ತಿದ್ರು. ಎಳೆದಷ್ಟು ತಿರುಗೋದು, ಸುಸ್ತಾದ್ರೆ ನಿಲ್ಲೋದು. ಗಾಳಿ ಆಡೋ ಕಡೆ ಕೂತು ಮಾಡ್ತಿದ್ರು. ಈಗ ಮೋಟ್ರು ಬೆಳಗಿಂದ ರಾತ್ರಿ ತನಕ ಬರ್ ಅಂತ ತಿರುಗ್ತದೆ, ಒಂದು ದಿನದಲ್ಲಿ ಆಗಿನ ಎಷ್ಟೋ ದಿನದ ಕೆಲ್ಸ, ಎಷ್ಟೋ ದಿನದ ದೂಳು, ಶೀಟ್ ಹೊದ್ಸಿದ ಶೆಡ್ಡಿನೊಳಗೆ. ಬಿಲ್ಲು ಹೋಗಿ ಮೋಟ್ರು ಬಂತು. ಕೈಗರಗಸ ಹೋಗಿ ಮಿಷನ್ ಗರಗಸ ಬಂತು. ಪೊರಕೆ ಮಾತ್ರ ತಾತನ ಕಾಲದ್ದೇ ಇರ್ಬೇಕಾ?

"ಕರೆಂಟ್ ಬಿಲ್ಲು?" ಮೊದ್ಲು ಆಫ್ ಮಾಡೋಕೆ ನಾನು ಸಿಗ್ದೇ ಹೋದ್ರೆ ಹೀರೋ ಮಿಷನ್ ಊಟದ ಹೊತ್ನಲ್ಲೂ ಓಡ್ತಾನೇ ಇರ್ತಿತ್ತು. ಈಗ ಕೆಲ್ಸ ಇದ್ರೆ ಓಡ್ತದೆ, ಇಲ್ಲಾಂದ್ರೆ ಇಲ್ಲ. ಮೂರು ಬಾಯಿ ಮುಚ್ಚಿದ್ರೆ ಮೋಟ್ರಿಗೆ ಭಾರ ಆಯ್ತದೆ ಅಂತ ನಮ್ಮ ಮೈದ ಹೆದ್ರಿಸಿದ್ದ. ಈ ತರದ ಫ್ಯಾನಿಗೆ ಅದು ಉಲ್ಟಾ. ಗಾಳಿ ಕಮ್ಮಿ ಹರಿದಷ್ಟೂ ಅದು ಎಳೆಯೋ ಕರೆಂಟೂ ಕಮ್ಮಿ.

"ಮಾಸ್ಕ್ ಹಾಕ್ಕೊಂಡ್ರೆ ಆಯ್ತಪ್ಪ." ಯಾರಿಗೆ ಮಾಸ್ಕು? ಅವ್ರಿಗೊಂದು, ಸರಿ. ಅದು ಹಾಕ್ಕೊಳ್ಳಲೇಬೇಕು, ಗೇಟು ಬಂತು ಅಂತ ತೆಗೀಬಾರ್ದು. ತೊಟ್ಟಿಲ ಕೂಸಿಗೆ? ಅತ್ತೆಗೆ? ಹಿಟ್ಟಿನ ಡಬ್ಬಕ್ಕೆ? ಪಕ್ಕದ ಮನೆ ಒಣಗಾಕಿದ ಹಪ್ಪಳಕ್ಕೆ? ಮಾಸ್ಕ್ ಒಬ್ರ ಮೂಗು ಕಾಯ್ತದೆ, ಮನೆ ಕಾಯಲ್ಲ.

"ಕೈಕಸುಬಿಗೆ ಮಿಷನ್ ಸೇರಿಸಿ ಕೆಡಿಸ್ತಿದೀರ." ಗೇಟು ಉಳಿ ಮುಟ್ಟಲ್ಲ, ಅರಗು ಮುಟ್ಟಲ್ಲ. ಬಣ್ಣ ಇಡೋ ಕೈ ಅದೇ ಕೈ. ಕೈಕಸುಬು ಉಳೀಬೇಕು ಅಂದ್ರೆ ಮೊದ್ಲು ಕಸುಬಿನೋರ ಉಸ್ರು ಉಳೀಬೇಕು. ನಮ್ಮ ದೊಡ್ಡ ಮಗ ಈ ಕೆಲ್ಸ ಕಲಿಯಲ್ಲ ಅಂತಿದ್ದ. ಯಾಕೋ ಅಂದ್ರೆ "ಮೂಗು ಕಟ್ಕೊಳ್ತದೆ ಅವ್ವ" ಅಂತಿದ್ದ. ದುಡ್ಡಿಲ್ಲ ಅನ್ಲಿಲ್ಲ, ಮರ್ವಾದೆ ಇಲ್ಲ ಅನ್ಲಿಲ್ಲ. ಮೂಗು.

ಇನ್ನೊಂದು ಮಾತು ಹೇಳ್ತೀನಿ, ನೋವಾದ್ರೆ ಕ್ಷಮಿಸಿ. ನಮ್ಮ ಕಡೆ ಅರ್ಧ ಮನೇಲಿ ರೇಷ್ಮೆ ಹುಳ ಸಾಕ್ತೀವಿ. ಹುಳದ ಮನೆಗೆ ಚಪ್ಲಿ ಹಾಕ್ಕೊಂಡು ಹೋಗಂಗಿಲ್ಲ. ಚಾಕಿ ತರೋ ಮುಂಚೆ ಗೋಡೆ, ತಟ್ಟೆ, ಚಂದ್ರಿಕೆ ಎಲ್ಲಾ ತೊಳೆದು ಬ್ಲೀಚಿಂಗ್ ಹೊಡೀತೀವಿ. ಸೊಪ್ಪಲ್ಲಿ ರಸ್ತೆ ದೂಳು ಕೂತಿದ್ರೆ ಹಾಕಲ್ಲ. ಜ್ವರಕ್ಕೆ ಕೂತಾಗ ಅಲುಗಾಡ್ಸಲ್ಲ, ಗಾಳಿ ಆಡ್ತಿದ್ಯಾ ಅಂತ ರಾತ್ರಿ ಎದ್ದು ನೋಡ್ತೀವಿ. ಒಂದು ತಿಂಗಳು ಬದುಕೋ ಹುಳಕ್ಕೆ ಈ ಮರ್ವಾದೆ. ಗೂಡು ಕೆಟ್ರೆ ರಾಮನಗರದ ಮಾರ್ಕೆಟಲ್ಲಿ ರೇಟ್ ಬೀಳ್ತದೆ ಅಂತ ಭಯ. ನಮ್ಮ ಶ್ವಾಸದ ಗೂಡು ಕೆಟ್ರೆ ಯಾವ ಮಾರ್ಕೆಟಲ್ಲೂ ರೇಟ್ ಕೂಗಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲ್ಲ.

ಸರ್ಕಾರ ನೋಡ್ಕೋತದೆ ಅಂತ ಕೂರೋ ಹಂಗೂ ಇಲ್ಲ. 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಮಿನಲ್ಲೇ ಬರೆದವ್ರೆ, ದೂಳು ಏಳೋ ಕೆಲಸಕ್ಕೆ ಆದಷ್ಟೂ ಅದು ಏಳೋ ಜಾಗದಲ್ಲೇ ಹೀರೋ ವ್ಯವಸ್ಥೆ ಇರ್ಬೇಕು ಅಂತ. ಆದ್ರೆ ಕರೆಂಟ್ ಹಾಕಿ ಹತ್ತು ಜನ ದುಡಿದ್ರೆ ಮಾತ್ರ ಅದು ಕಾರ್ಖಾನೆ ಅಂತ ಅದೇ ಕಾಯ್ದೆ ಹೇಳ್ತು. ಗಂಡ, ಹೆಂಡ್ತಿ, ಒಬ್ಬ ಹುಡುಗ ಇರೋ ಹಿಂದಿನ ಶೆಡ್ಡು ಯಾವ ಲೆಕ್ಕಕ್ಕೂ ಬರ್ಲಿಲ್ಲ. ಕಾರ್ಖಾನೆ ದೂಳಿಗೆ ಕಾನೂನು, ಮನೆ ದೂಳಿಗೆ ಹೆಂಡ್ತಿ. ಹಂಗಾಗಿ ನಮ್ಮನೆ ಕಾನೂನು ನಾವೇ ಬರ್ಕೋಬೇಕು.

ಸುಳ್ಳು ಹೇಳಿ ಗೆಲ್ಲೋ ಆಸೆ ನಂಗಿಲ್ಲ, ಅದಕ್ಕೆ ಇದರ ಕುಂದೂ ಹೇಳ್ತೀನಿ. ಗೇಟು ದೂಳು ಹಿಡಿಯಲ್ಲ, ಗಾಳಿಗೆ ದಾರಿ ತೋರಿಸ್ತದೆ ಅಷ್ಟೇ. ಪೈಪಿನ ಬಾಯಿ ಉಳಿ ಹತ್ರ ಇಲ್ದೇ ಮಾರುದ್ದ ದೂರ ಇದ್ರೆ ಎಂಥ ಗೇಟಿಟ್ರೂ ದಂಡ. ನಾವು ಲೇತ್ ಹಿಂದೆ ಮೊರದ ಆಕಾರದಲ್ಲಿ ಒಂದು ತಗಡು ಬಗ್ಸಿ ಬಾಯಿಗೆ ಸೇರ್ಸಿದೀವಿ. ಉದ್ದದ ಸುರುಳಿ ಸಿಪ್ಪೆ ಹಲಗೆಗೆ ಸಿಕ್ಕಾಕ್ಕೊಂಡು ಎರಡು ಸಲ ಸರ್ವೋ ಕೂಗ್ತಾ ನಿಂತೋಯ್ತು. ಆಮೇಲೆ ಹಲಗೆ ಜಾರೋ ಕಾಲುವೆಯ ಕೊನೆ ತೆರೆದಿಟ್ಟ ಮೇಲೆ, ಮುಚ್ಚೋವಾಗ ಕಸ ಹೊರಕ್ಕೆ ತಳ್ಕೊಂಡು ಹೋಗ್ತದೆ. ಆದ್ರೂ ಸಿಪ್ಪೆಯನ್ನ ಕೈಲೇ ಬಾಚೋದು ಒಳ್ಳೇದು, ಪೈಪಿಗೆ ಬಿಡಬಾರ್ದು. ಗೇಟು ಕೆಟ್ರೆ ಕೈಲಿ ಎಳೆಯೋಕೆ ಒಂದು ಹಿಡಿ ಇರ್ಲೇಬೇಕು.

ಮುಖ್ಯವಾಗಿ ಚೀಲ. ನಮ್ಮ ಹಳೇ ಬಟ್ಟೆ ಚೀಲ ದಪ್ಪದ್ದನ್ನ ಹಿಡಿದು ನುಣ್ಣಗಿರೋದನ್ನ ಅದೇ ಶೆಡ್ಡಿಗೆ ವಾಪಸ್ ಊದ್ತಿತ್ತು. ಹಂಗಾದ್ರೆ ಅದು ದೂಳು ಹೀರೋ ಮಿಷನ್ ಅಲ್ಲ, ದೂಳು ಸೋಸಿ ಕೊಡೋ ಮಿಷನ್ನು. ನಾವು ಅದನ್ನ ಹೊರಗೆ, ಅಡ್ಗೆಮನೆ ಕಿಟಕಿಗೆ ಎದುರು ದಿಕ್ಕಲ್ಲಿ, ಬೇರೆ ಚಪ್ಪರದಡಿ ಇಟ್ವಿ, ದಟ್ಟ ನೇಯ್ಗೆಯ ಚೀಲ ಹಾಕ್ಸಿದ್ವಿ. ಪಕ್ಕದ ಮನೆಯೋರ ಕಡೆ ಮುಖ ಮಾಡ್ಲಿಲ್ಲ. ನಮ್ಮ ದೂಳು ಅವ್ರಿಗೆ ದಾನ ಮಾಡಿದ್ರೆ ಈ ಬರಹಕ್ಕೆ ಅರ್ಥ ಇಲ್ಲ. ಚೀಲದ ಹತ್ರ ಬೀಡಿ ಸೇದೋರು ಬಂದ್ರೆ ನಮ್ಮತ್ತೆ ಕೋಲು ಹಿಡೀತಾರೆ. ಒಣ ಹೊಟ್ಟು, ಒಂದು ಕಿಡಿ ಸಾಕು.

ದುಡ್ಡಿಲ್ಲದೋರು ಕೈಯಲ್ಲೇ ಎಳೆಯೋ ಹಲಗೆ ಹಾಕ್ಕೊಳ್ಳಿ, ಬೇಡ ಅನ್ನಲ್ಲ. ಏನೂ ಇಲ್ಲದೇ ಇರೋದಕ್ಕಿಂತ ಅದು ಎಷ್ಟೋ ಮೇಲು. ಆದ್ರೆ ಒಂದು ಒಪ್ಪಂದ ಮಾಡ್ಕೊಳ್ಳಿ, ಮಿಷನ್ ಓಡ್ಸೋರೇ ಹಲಗೆ ಎಳೀಬೇಕು. ಕೂಗಂಗಿಲ್ಲ. ಹಲಗೆ ಕೈಗೆಟುಕೋ ಜಾಗದಲ್ಲಿರ್ಬೇಕು, ಮೂಲೇಲಿ ಅಲ್ಲ. ಒಂದು ತಿಂಗಳು ನೋಡಿ. ಅದು ನಡೆದ್ರೆ ನಂಗಿಂತ ಸಂತೋಷ ಪಡೋರಿಲ್ಲ, ಐದು ಸಾವಿರ ಉಳೀತು. ನಡೀಲಿಲ್ಲ ಅಂದ್ರೆ, ನಡಿಯಲ್ಲ ಅನ್ನೋದು ನನ್ನ ಅನುಭವ, ಆವಾಗ ಯಾರೂ ನಿಮ್ಮನ್ನ ಕೂಗಕ್ಕೆ ಮುಂಚೆ ಒಂದು ಲೋಟ, ಒಂದು ಹಿಡಿ ಹುಣಸೆ ಬೀಜ ತಗೊಳ್ಳಿ. ಬಾಯಲ್ಲಿ ಜಗಳ ಆಡಿದ್ರೆ "ಯಾವಾಗ್ಲೂ ಇವಳದ್ದು ಇದೇ" ಅಂತಾರೆ. ಬೀಜ ಎಣಿಸಿಟ್ರೆ ಬಾಯಿ ಬರಲ್ಲ.

ಹೊಸದಾಗಿ ಲೇತ್ ತಗೊಳ್ಳೋರಿಗೆ, ಅದಕ್ಕೆ ಸಂಘದಲ್ಲಿ ಸಾಲ ಮಾಡೋ ಹೆಣ್ಮಕ್ಕಳಿಗೆ ಒಂದು ಮಾತು. ಮಿಷನ್ ರೇಟು ಕೇಳೋವಾಗ ದೂಳಿನ ರೇಟೂ ಸೇರ್ಸಿ ಕೇಳಿ. ಸಾಲದ ಕಂತು ಕಟ್ಟೋ ಪುಸ್ತಕದಲ್ಲಿ ಸಹಿ ನಿಮ್ದು ತಾನೆ? ಹಂಗಾದ್ರೆ ಪೈಪು ಎಲ್ಲಿ, ಚೀಲ ಎಲ್ಲಿ, ತೂಬು ಯಾರು ತೆಗೀತಾರೆ ಅಂತ ಕೇಳೋ ಹಕ್ಕೂ ನಿಮ್ದೇ. ಮಿಷನ್ ಬಂದ ಮೇಲೆ ಕೇಳಿದ್ರೆ ಶೋಕಿ ಅಂತಾರೆ, ಬರೋ ಮುಂಚೆ ಕೇಳಿದ್ರೆ ಲೆಕ್ಕ ಅಂತಾರೆ.

ಈಗ ನಮ್ಮನೇಲಿ ಮುದ್ದೆ ಸೀಯಲ್ಲ. ಮಧ್ಯಾಹ್ನದ ಬಿಸಿಲು ಕಿಟಕೀಲಿ ಇಳಿದ್ರೆ ಬರೀ ಬಿಸಿಲು ಇಳೀತದೆ. ದೂಳು ಪೂರ್ತಿ ಹೋಯ್ತು ಅನ್ನಲ್ಲ, ದೇವರ ಪಟ ವಾರಕ್ಕೊಂದ್ಸಲ ಒರೆಸ್ತೀನಿ, ಮೊದ್ಲು ದಿನಕ್ಕೆರಡು ಸಲ. ದೊಡ್ಡ ಮಗ ಹೋದ ತಿಂಗಳು ತಾನಾಗೇ ಶೆಡ್ಡಿಗೆ ಹೋಗಿ ಒಂದು ಬುಗುರಿ ತಿರುವ್ಕೊಂಡು ಬಂದ. ಸೊಟ್ಟಗಿತ್ತು. ಅವ್ರಪ್ಪ ಏನೂ ಅನ್ಲಿಲ್ಲ, ಇನ್ನೊಂದು ತುಂಡು ಮರ ಕೊಟ್ರು.

ಆ 38 ಬೀಜ ನಾನು ಬಿಸಾಕಿಲ್ಲ. ಅಳಗುಳಿ ಮಣೆ ಆಡಕ್ಕೆ ಇಟ್ಕೊಂಡಿವ್ನಿ. ಅಕ್ಕಾ, ನೀವು ಇನ್ನೊಂದ್ಸಲ ಕೈಲಾಂಚಕ್ಕೆ ಬಂದಾಗ ಛತ್ರದಿಂದ ಹಂಗೇ ಹೋಗ್ಬೇಡಿ, ನಮ್ಮನೆಗೆ ಬನ್ನಿ. ಕಾಫಿ ಕುಡಿದು, ಲೇತ್ ಓಡ್ತಿರೋವಾಗ್ಲೇ ಶೆಡ್ಡಲ್ಲಿ ಕೂತು ಒಂದಾಟ ಆಡೋಣ. ಸೆರಗು ಮೂಗಿಗೆ ಬೇಡ. ಆಮೇಲೂ ಶೋಕಿ ಅನ್ನಿಸಿದ್ರೆ ಅಲ್ಲೇ ಬೈರಿ, ಕೇಳ್ತೀನಿ.